ಹಾಳೆ ಎಳೆದ ಅಂಗಳದಲ್ಲಿ ಬಲದ ಲೆಕ್ಕ: ಒಂಬತ್ತನೇ ತರಗತಿಯ ಒಂದು ಪ್ರಕರಣ ಅಧ್ಯಯನ

ಅಡಿಕೆ ಹಾಳೆಯ ಮೇಲೆ ಒಬ್ಬ ಹುಡುಗನನ್ನು ಕೂರಿಸಿ, ಸಮತಟ್ಟಾದ ಅಂಗಳದಲ್ಲಿ ನೆಲಕ್ಕೆ ಸಮಾನಾಂತರವಾಗಿ ಹಗ್ಗ ಹಿಡಿದು, ವೇಗ ಹೆಚ್ಚೂ ಆಗದಂತೆ ಕಡಿಮೆಯೂ ಆಗದಂತೆ ಎಳೆಯಲಾಗುತ್ತಿದೆ. ಎಳೆಯುವ ಬಲ 120 ನ್ಯೂಟನ್ ಆದರೆ ಹಾಳೆಗೂ ನೆಲಕ್ಕೂ ನಡುವಿನ ಘರ್ಷಣ ಬಲ ಎಷ್ಟು? ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದಿಂದ ಒಳಗಿನ ಅಡಿಕೆ ತೋಟಗಳ ನಡುವೆ ಇರುವ ಶಾಲೆಯೊಂದರ ಕನ್ನಡ ಮಾಧ್ಯಮದ ಒಂಬತ್ತನೇ ತರಗತಿಗೆ ನಾನು ಕೊಟ್ಟ ಕಿರುಪರೀಕ್ಷೆಯ ಮೂರನೆಯ ಪ್ರಶ್ನೆ ಇದು. ನ್ಯೂಟನ್ನನ ಮೊದಲ ನಿಯಮವನ್ನು ಪಾಠ ಮಾಡಿ, ಬಾಯಿಪಾಠವನ್ನೂ ಒಪ್ಪಿಸಿಕೊಂಡು ಒಂದು ವಾರವಷ್ಟೇ ಕಳೆದಿತ್ತು. 27 ಮಕ್ಕಳಲ್ಲಿ 120 ಎಂದು ಬರೆದವರು ಐವರು. ಉಳಿದವರ ಉತ್ತರಗಳು 119ರಿಂದ 60ರ ವರೆಗೆ ಹರಡಿಕೊಂಡಿದ್ದವು. 120ಕ್ಕಿಂತ ಹೆಚ್ಚು ಬರೆದವರು ಒಬ್ಬರೂ ಇರಲಿಲ್ಲ. ತಪ್ಪುಗಳು ಹೀಗೆ ಒಂದೇ ಕಡೆಗೆ ವಾಲಿದಾಗ ಅದು ಅಜಾಗರೂಕತೆಯಲ್ಲ, ಮಕ್ಕಳು ಯಾವುದೋ ಒಂದು ನಿಯಮವನ್ನು ನಿಷ್ಠೆಯಿಂದ ಪಾಲಿಸುತ್ತಿದ್ದಾರೆ ಎಂದೇ ಅರ್ಥ.

ಆ ನಿಯಮ ಯಾವುದೆಂದು ಎರಡನೆಯ ಬೆಂಚಿನ ಹುಡುಗಿಯ ಉತ್ತರಪತ್ರಿಕೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು: "110 ಇರಬಹುದು. 120 ಆದರೆ ಎರಡೂ ಸಮ ಆಗಿ ಹಾಳೆ ನಿಂತುಬಿಡುತ್ತದೆ." ಮೊದಲ ನಿಯಮವನ್ನು ತಪ್ಪಿಲ್ಲದೆ ಒಪ್ಪಿಸಿದ್ದವಳು ಅವಳೇ. 'ಅಸಮತೋಲನ ಬಲ ವರ್ತಿಸದ ಹೊರತು ನಿಶ್ಚಲ ವಸ್ತು ನಿಶ್ಚಲವಾಗಿಯೇ, ಚಲಿಸುವ ವಸ್ತು ಸಮವೇಗದಲ್ಲಿ ಸರಳರೇಖೆಯಲ್ಲಿಯೇ ಮುಂದುವರಿಯುತ್ತದೆ' ಎಂಬ ವಾಕ್ಯದ ಮೊದಲ ಅರ್ಧವನ್ನು ಅವಳು ನಂಬಿದ್ದಳು. ಎರಡನೆಯ ಅರ್ಧವನ್ನು ಕೇವಲ ಕಲಿತಿದ್ದಳು.

ಇಲ್ಲಿ ನನ್ನ ಪಾಲಿನ ತಪ್ಪನ್ನೂ ದಾಖಲಿಸಬೇಕು. ನಿಂತ ವಸ್ತುವನ್ನು ಹೊರಡಿಸುವ ಉದಾಹರಣೆಯನ್ನು ಕರಿಹಲಗೆಯಲ್ಲಿ ಬಿಡಿಸುವಾಗ ಮುಂದಿನ ಬಾಣವನ್ನು ಉದ್ದವಾಗಿ, ಘರ್ಷಣೆಯ ಬಾಣವನ್ನು ಗಿಡ್ಡವಾಗಿ ಎಳೆದಿದ್ದೆ, ಅದು ಸರಿಯೇ. ಆದರೆ ಅದೇ ಚಿತ್ರವನ್ನು ಒರಸದೆ "ಹೀಗೆ ವಸ್ತು ಚಲಿಸುತ್ತದೆ" ಎಂದು ಹೇಳಿ ಮುಂದಕ್ಕೆ ಹೋಗಿದ್ದೆ. ಹೊರಡುವುದೂ ಚಲಿಸುತ್ತಿರುವುದೂ ಒಂದೇ ಚಿತ್ರದಲ್ಲಿ ಬೆರೆತುಹೋಗಿದ್ದವು. ಮಕ್ಕಳು ನನ್ನ ಮಾತಿಗಿಂತ ನನ್ನ ಬಾಣಗಳನ್ನು ಹೆಚ್ಚು ನಂಬಿದರು.

ಉತ್ತರ ಹೇಳಿ ತಿದ್ದಿಸುವುದು ಸುಲಭವಿತ್ತು, ಆದರೆ ಅದರಿಂದ ಆ ಹುಡುಗಿಯ ವಾದಕ್ಕೆ ಉತ್ತರ ಸಿಗುತ್ತಿರಲಿಲ್ಲ. ಪ್ರಶ್ನೆ ಹಾಳೆಯದ್ದು, ಹಾಳೆ ಊರ ತುಂಬ ಬಿದ್ದಿದೆ. ಎಳೆದು ನೋಡೋಣ ಎಂದು ತೀರ್ಮಾನಿಸಿದೆವು. ಒಬ್ಬ ಹುಡುಗ ಮನೆಯಿಂದ ಗೋಣಿ ತೂಗುವ, 50 ಕಿಲೋ ವರೆಗೆ ಮುಳ್ಳು ತೋರಿಸುವ ಸ್ಪ್ರಿಂಗ್ ತ್ರಾಸನ್ನು ತಂದ. ಹಿಂದಿನ ದಿನವಷ್ಟೇ ಬಿದ್ದ, ಇನ್ನೂ ಹಸಿಯಾಗಿದ್ದ ಅಗಲವಾದ ಹಾಳೆಯ ಸೋಗೆಯನ್ನು ಕಡಿದು ದಂಟನ್ನು ಮಾತ್ರ ಉಳಿಸಿಕೊಂಡು, ದಂಟಿಗೆ ಹಗ್ಗ, ಹಗ್ಗಕ್ಕೆ ತ್ರಾಸಿನ ಕೊಕ್ಕೆ, ತ್ರಾಸಿನ ಬಳೆಗೆ ಇನ್ನೊಂದು ಹಗ್ಗ ಕಟ್ಟಿದೆವು. ಕೂರುವುದಕ್ಕೆ 34 ಕಿಲೋ ತೂಕದ ಹುಡುಗ. ಹಾಳೆ ಅರ್ಧ ಕಿಲೋ. ಶಾಲೆಯ ಹಿಂದಿನ ಮುರಕಲ್ಲಿನ ಗಟ್ಟಿ ನೆಲದಲ್ಲಿ ಸುಣ್ಣದ ಪುಡಿಯಿಂದ 10 ಮೀಟರ್ ಅಂತರದಲ್ಲಿ ಎರಡು ಗೆರೆ ಹಾಕಿದೆವು. ಎಳೆಯುವವರು ಬಗ್ಗಿ ಹಗ್ಗವನ್ನು ಮೊಣಕಾಲಿಗಿಂತ ಕೆಳಗೆ, ನೆಲಕ್ಕೆ ಸಮಾನಾಂತರವಾಗಿ ಹಿಡಿಯಬೇಕು. ಇನ್ನೊಬ್ಬ ತ್ರಾಸಿನ ಪಕ್ಕದಲ್ಲಿಯೇ ನಡೆಯುತ್ತ ಮುಳ್ಳನ್ನು ಓದಬೇಕು. ಮತ್ತೊಬ್ಬಳು ಗಡಿಯಾರ ನೋಡಬೇಕು ಎಂದು ಕೆಲಸ ಹಂಚಿಕೊಂಡೆವು.

ಮೊದಲ ಎಳೆತದಲ್ಲಿಯೇ ಒಂದು ಸಂಗತಿ ಎದ್ದುಕಂಡಿತು. ಹಗ್ಗ ಬಿಗಿಯಾಗಿ ಮುಳ್ಳು 5, 10, 15 ಎಂದು ಏರುತ್ತ ಹೋದರೂ ಹಾಳೆ ಅಲುಗಲಿಲ್ಲ. 19ರ ಹತ್ತಿರ ಬಂದಾಗ ತಟ್ಟನೆ ಹೊರಟಿತು, ಹೊರಟ ಕೂಡಲೆ ಮುಳ್ಳು 15ರ ಆಸುಪಾಸಿಗೆ ಇಳಿಯಿತು. ನಿಂತ ವಸ್ತುವಿನ ಮೇಲಿನ ಘರ್ಷಣೆ ನಾವು ಎಳೆದಷ್ಟಕ್ಕೆ ಸರಿಯಾಗಿ ಬೆಳೆಯುತ್ತ ಹೋಗಿ, ತನ್ನ ಗರಿಷ್ಠ ಮಿತಿಯನ್ನು ಮುಟ್ಟಿದ ಮೇಲೆ ಸೋಲುತ್ತದೆ. ಜಾರತೊಡಗಿದ ಮೇಲಿನ ಘರ್ಷಣೆ ಆ ಮಿತಿಗಿಂತ ಕಡಿಮೆ. ನಿಶ್ಚಲ ಘರ್ಷಣೆ, ಚಲನ ಘರ್ಷಣೆ ಎಂಬ ಎರಡು ಹೆಸರುಗಳನ್ನು ಅಂದು ನಾನು ಹೇಳಲಿಲ್ಲ. ಮುಳ್ಳು ಇಳಿದದ್ದನ್ನು ಎಲ್ಲರೂ ನೋಡಿದರು, ಅಷ್ಟು ಸಾಕಾಗಿತ್ತು. "ಹೊರಡಿಸಲು ಹೆಚ್ಚು ಬೇಕು, ಹೋಗುತ್ತಿರಲು ಅಷ್ಟು ಬೇಡ" ಎಂದು ತ್ರಾಸು ಓದುತ್ತಿದ್ದವನೇ ಹೇಳಿದ.

ಎರಡನೆಯ ತೊಡಕು ನೆಲದ್ದು. ಗೆರೆಯಿಂದ ಗೆರೆಗೆ ಎಳೆದಾಗ ಸುಮಾರು 14, ಅದೇ ದಾರಿಯಲ್ಲಿ ಹಿಂದಕ್ಕೆ ಎಳೆದಾಗ ಸುಮಾರು 15. ತ್ರಾಸು ಕೆಟ್ಟಿದೆ ಎಂದು ಕೆಲವರು ತೀರ್ಪು ಕೊಟ್ಟಾಗಿತ್ತು. ಮೇಸ್ತ್ರಿಯ ಮಗನೊಬ್ಬ ತಂದೆಯ ಪಾರದರ್ಶಕ ಲೆವೆಲ್ ಪೈಪನ್ನು ಮರುದಿನ ತಂದು ನೀರು ತುಂಬಿಸಿ ಅಳೆದಾಗ, 10 ಮೀಟರಿಗೆ ಅಂಗಳ ಸುಮಾರು 15 ಸೆಂಟಿಮೀಟರ್ ಇಳಿಜಾರಿದ್ದದ್ದು ತಿಳಿಯಿತು. ಕಣ್ಣಿಗೆ ಸಮತಟ್ಟಾಗಿ ಕಾಣುವ ನೆಲ ಅದು. ಮಳೆಗಾಲದ ನೀರು ನಿಲ್ಲದಿರಲಿ ಎಂದು ಕಟ್ಟಿಸಿದವರು ಬೇಕೆಂದೇ ಇಳಿಜಾರು ಬಿಟ್ಟಿದ್ದರು. 34.5 ಕಿಲೋ ಭಾರದಲ್ಲಿ ನೂರಕ್ಕೆ ಒಂದೂವರೆ ಪಾಲು, ಎಂದರೆ ಅರ್ಧ ಕಿಲೋದಷ್ಟು, ಇಳಿಯುವಾಗ ಎಳೆಯುವವನ ಪರವಾಗಿಯೂ ಏರುವಾಗ ಅವನ ವಿರುದ್ಧವಾಗಿಯೂ ನಿಲ್ಲುತ್ತದೆ. ಎರಡರ ಸರಾಸರಿ 14.5 ಕಿಲೋ, 9.8ರಿಂದ ಗುಣಿಸಿದರೆ ಸುಮಾರು 142 ನ್ಯೂಟನ್. ಕಿರುಪರೀಕ್ಷೆಯಲ್ಲಿ ನಾನು ಊಹಿಸಿ ಕೊಟ್ಟಿದ್ದ 120ಕ್ಕೆ ಇದು ಹತ್ತಿರವೇ ಇದ್ದದ್ದು ನನ್ನ ಅದೃಷ್ಟ.

ಇನ್ನು ಮುಖ್ಯವಾದ ಪರೀಕ್ಷೆ. ಹುಡುಗಿಯ ವಾದ ಸರಿಯಾಗಿದ್ದರೆ, ಹಾಳೆ ನಿಧಾನವಾಗಿ ಹೋಗುವಾಗ ಎಳೆಯುವ ಬಲ ಘರ್ಷಣೆಗಿಂತ ಸ್ವಲ್ಪ ಹೆಚ್ಚಿರಬೇಕು, ಬೇಗ ಹೋಗುವಾಗ ಬಹಳ ಹೆಚ್ಚಿರಬೇಕು. 10 ಮೀಟರನ್ನು ಒಮ್ಮೆ 20 ಸೆಕೆಂಡಿನಲ್ಲಿ, ಇನ್ನೊಮ್ಮೆ 7 ಸೆಕೆಂಡಿನಲ್ಲಿ ದಾಟುವಂತೆ, ಗೆರೆ ಮುಟ್ಟುವ ಮೊದಲೇ ವೇಗ ಹಿಡಿದು ಎಳೆದೆವು. ಮುಳ್ಳು ನಡುಗುತ್ತಿತ್ತು, ಓದುವವನು ಓಡಬೇಕಾಯಿತು. ಆದರೂ ಒಂದೇ ದಿಕ್ಕಿನಲ್ಲಿ ನಾಲ್ಕಾರು ಬಾರಿ ಎಳೆದ ಮೇಲೆ ಎರಡೂ ವೇಗಗಳಲ್ಲಿ ಮುಳ್ಳು ನಡುಗುತ್ತಿದ್ದದ್ದು ಒಂದೇ ಜಾಗದ ಸುತ್ತ ಎಂಬುದನ್ನು ಯಾರೂ ಅಲ್ಲಗಳೆಯಲಿಲ್ಲ. ಸುಮಾರು ಮೂರು ಪಟ್ಟು ವೇಗಕ್ಕೆ ಬಲ ಮೂರು ಪಟ್ಟಾಗಲಿಲ್ಲ, ಒಂದೂವರೆ ಪಟ್ಟೂ ಆಗಲಿಲ್ಲ.

ಹುಡುಗಿ ಸೋಲೊಪ್ಪಲಿಲ್ಲ, ಒಪ್ಪದೆ ಇದ್ದದ್ದೇ ಒಳ್ಳೆಯದಾಯಿತು. ಘರ್ಷಣೆ ಎಷ್ಟೆಂದು ತ್ರಾಸು ಹೇಳುವುದಿಲ್ಲ, ಅದು ಹೇಳುವುದು ಎಳೆಯುವ ಬಲವನ್ನು ಮಾತ್ರ. ಎರಡು ವೇಗದಲ್ಲಿಯೂ ಎಳೆತ 14.5, ಘರ್ಷಣೆ ಎರಡರಲ್ಲಿಯೂ 13 ಎಂದು ಯಾಕೆ ಇರಬಾರದು ಎಂದು ಕೇಳಿದಳು. ಇದು ತೂಕವುಳ್ಳ ಆಕ್ಷೇಪ. ಹಾಗಿದ್ದರೆ ಉಳಿದ ಒಂದೂವರೆ ಕಿಲೋ ಏನು ಕೆಲಸ ಮಾಡುತ್ತಿದೆ ಎಂದು ನಾನು ತಿರುಗಿ ಕೇಳಿದೆ. "ನಡೆಸುತ್ತಿದೆ" ಎಂಬ ಉತ್ತರ ಬಂತು. ಹಾಗಾದರೆ ಬೇಕೆಂದೇ ಹೆಚ್ಚು ಕೊಟ್ಟು, ಆ ಹೆಚ್ಚಳವನ್ನು ಹಾಗೆಯೇ ಉಳಿಸಿಕೊಂಡು ಎಳೆದು ನೋಡಿ ಎಂದೆ: ಮುಳ್ಳು 20ರಲ್ಲಿ ನಿಲ್ಲಬೇಕು, ಕೆಳಗಿಳಿಯಕೂಡದು.

ಈ ಪ್ರಕರಣದಲ್ಲಿ ನಾನು ಮರೆಯದ ಭಾಗ ಇದು. ತರಗತಿಯ ಇಬ್ಬರು ಗಟ್ಟಿಗರು ಹಗ್ಗ ಹಿಡಿದರು. ಹೊರಡುವಾಗ ಮುಳ್ಳು 20ಕ್ಕೆ ಬಂತು. ಮೂರು ಹೆಜ್ಜೆಯ ವರೆಗೆ ನಡಿಗೆ, ಮತ್ತೆ ಓಟ, ಆಮೇಲೆ ಹಲ್ಲು ಕಚ್ಚಿ ಓಟ. ಅರ್ಧ ದಾರಿ ದಾಟುವುದರೊಳಗೆ ಮುಳ್ಳು 17ಕ್ಕೆ, 15ಕ್ಕೆ ಜಾರಿತು. ಮತ್ತೆ ಮಾಡಿದರು, ಮತ್ತೆ ಜಾರಿತು. ಮೂರನೆಯ ಸಲ ಮುಗಿಸಿ ಮಂಡಿಗೆ ಕೈಯೂರಿ ನಿಂತ ಒಬ್ಬ, "ಇಪ್ಪತ್ತು ಇಡಬೇಕಾದರೆ ಓಡ್ತಾನೇ ಇರಬೇಕು ಸರ್, ಅದೂ ಜಾಸ್ತಿ ಜಾಸ್ತಿ" ಎಂದ. ಲೆಕ್ಕ ಅವನ ಉಸಿರಿಗೆ ಸರಿಯಾಗಿ ಹೊಂದುತ್ತದೆ: 20ರಲ್ಲಿ 14.5 ಕಳೆದರೆ 5.5 ಕಿಲೋ, ಎಂದರೆ ಸುಮಾರು 54 ನ್ಯೂಟನ್ ಮಿಗುತ್ತದೆ, ಅದನ್ನು 34.5ರಿಂದ ಭಾಗಿಸಿದರೆ ವೇಗೋತ್ಕರ್ಷ, ಎಂದರೆ ವೇಗ ಏರುವ ದರ, ಸೆಕೆಂಡಿಗೆ ಸೆಕೆಂಡಿಗೆ 1.6 ಮೀಟರಿನಷ್ಟು. ಮೂರೇ ಸೆಕೆಂಡಿನಲ್ಲಿ ಹಾಳೆಯ ವೇಗ ಗಂಟೆಗೆ 17 ಕಿಲೋಮೀಟರ್ ಆಗುತ್ತದೆ. ಬಗ್ಗಿಕೊಂಡು ಓಡುವವನಿಗೆ ಅದು ಸಾಧ್ಯವಿಲ್ಲದ ಮಾತು. ಮಿಗುವ ಬಲ ವಸ್ತುವನ್ನು ನಡೆಸುವುದಿಲ್ಲ, ಅದರ ವೇಗವನ್ನು ಏರಿಸುತ್ತದೆ; ವೇಗ ಏರದಿದ್ದರೆ ಮಿಕ್ಕದ್ದು ಏನೂ ಇಲ್ಲ ಎಂದೇ ಅರ್ಥ. ಹಾಗಾಗಿ ಸಮವೇಗದ ಓದು 14.5 ಇದ್ದಾಗ ಘರ್ಷಣೆಯೂ 14.5 ಇರಲೇಬೇಕು. ಹುಡುಗಿ ತನ್ನ ಪುಸ್ತಕದಲ್ಲಿ 110ನ್ನು ಹೊಡೆದುಹಾಕಿದಳು.

ಆದರೆ ಹಿಂದಿನ ಬೆಂಚಿನಿಂದ ಹಗ್ಗಜಗ್ಗಾಟದ ಉದಾಹರಣೆ ಬಂತು: ಎರಡು ಪಕ್ಷವೂ ಸಮವಾಗಿ ಎಳೆದರೆ ಹಗ್ಗ ನಿಲ್ಲುವುದಿಲ್ಲವೆ? ನಿಲ್ಲುತ್ತದೆ, ಏಕೆಂದರೆ ಅದು ಮೊದಲೇ ನಿಂತಿತ್ತು. ಸಮಬಲ ಎಂಬುದು ನಿಲ್ಲು ಎಂಬ ಆಜ್ಞೆಯಲ್ಲ, ಇದ್ದ ಹಾಗೆ ಇರು ಎಂಬ ಅನುಮತಿ. ಸೋಲುವ ಪಕ್ಷ ಜಾರುತ್ತಿರುವಾಗ ನಡುವಿನ ಕರವಸ್ತ್ರ ಒಂದೇ ವೇಗದಲ್ಲಿ ಸರಿಯುತ್ತಿದ್ದರೆ ಆಗಲೂ ಅದರ ಮೇಲಿನ ಎರಡು ಎಳೆತಗಳು ಸಮವೇ. ಇದನ್ನು ಅವರು ಪೂರ್ತಿ ಒಪ್ಪಿದರೆಂದು ಹೇಳಲಾರೆ. ಮುಂದಿನ ಕ್ರೀಡಾಕೂಟಕ್ಕೆ ಅದನ್ನು ಬಿಟ್ಟಿದ್ದೇನೆ.

ಹಗ್ಗ ಬಿಟ್ಟರೆ ಏನಾಗುತ್ತದೆ ಎಂಬುದು ಇನ್ನೊಂದು ಪ್ರಶ್ನೆ, ಮತ್ತು ಮಕ್ಕಳ ನಂಬಿಕೆಯ ಬೇರು ಸಿಕ್ಕಿದ್ದು ಇಲ್ಲಿಯೇ. 7 ಸೆಕೆಂಡಿನ ವೇಗದಲ್ಲಿ ಎಳೆಯುತ್ತ ಗೆರೆಯ ಮೇಲೆ ಹಗ್ಗವನ್ನು ಬಿಟ್ಟಾಗ ಹಾಳೆ ಇನ್ನೊಂದು ಗೇಣಿನಷ್ಟು ಮುಂದಕ್ಕೆ ಜಾರಿ ನಿಂತಿತು. ಯಾಕೆ ನಿಂತಿತು ಎಂದರೆ ಹತ್ತಾರು ಕಂಠಗಳು ಒಟ್ಟಿಗೆ, "ಬಲ ಮುಗಿಯಿತು" ಎಂದವು. ಈ ಉತ್ತರದಲ್ಲಿ ಭೌತಶಾಸ್ತ್ರಕ್ಕಿಂತ ಹೆಚ್ಚಾಗಿ ನಮ್ಮ ಭಾಷೆ ಮಾತಾಡುತ್ತಿದೆ. ಕನ್ನಡದಲ್ಲಿ ಬಲ ಎಂಬುದು ಒಬ್ಬರೊಳಗೆ ಇರುವ ವಸ್ತು: ತೋಳಿನಲ್ಲಿ ಬಲ ಇರುತ್ತದೆ, ಜ್ವರ ಬಂದರೆ ಬಲ ಕುಗ್ಗುತ್ತದೆ, ಗಂಜಿ ಉಂಡರೆ ತಿರುಗಿ ಬರುತ್ತದೆ. ಎಳೆಯುವವನು ತನ್ನ ಬಲದಲ್ಲಿ ಒಂದಿಷ್ಟನ್ನು ಹಾಳೆಗೆ ತುಂಬಿಸಿದ, ಹಾಳೆ ಅದನ್ನು ಖರ್ಚು ಮಾಡುತ್ತ ಹೋಗಿ ಬರಿದಾಗಿ ನಿಂತಿತು ಎಂಬ ಕಥೆ ಈ ಪದಕ್ಕೆ ಎಷ್ಟು ಸಹಜವಾಗಿ ಹೊಂದುತ್ತದೆ ನೋಡಿ. ಪಕ್ಕದ ಮಲಯಾಳ ವಿಭಾಗದ ಸಹೋದ್ಯೋಗಿಯನ್ನು ಕೇಳಿದರೆ ಅಲ್ಲಿಯೂ ಇದೇ ಕಥೆ. ಅವರಿಗೂ ಪದ 'ಬಲಂ' ತಾನೆ. ಗಡಿನಾಡಿನಲ್ಲಿ ನಮಗೆ ಹೆಚ್ಚಿನ ಕಿರಿಕಿರಿ ಕೊಡುವುದು 'ವೇಗ'. ದಿಕ್ಕನ್ನೂ ಲೆಕ್ಕಕ್ಕೆ ಹಿಡಿದದ್ದು ನಮಗೆ ವೇಗ, ದಿಕ್ಕಿಲ್ಲದ್ದು ಜವ; ಅವರಿಗೆ ದಿಕ್ಕಿರುವುದು ಪ್ರವೇಗ. ಎರಡು ಭಾಷೆಯಲ್ಲಿ ಟ್ಯೂಷನ್ನಿಗೆ ಹೋಗುವ ಮಕ್ಕಳು ಇಲ್ಲಿ ಎಡವುತ್ತಾರೆ. ಆದರೆ ಅದು ತಿದ್ದಿದರೆ ಹೋಗುವ ಗೊಂದಲ, 'ಬಲ'ದ್ದು ಹಾಗಲ್ಲ.

ಮಕ್ಕಳ ಈ ಕಥೆ ಹೊಸದೂ ಅಲ್ಲ, ಹಗುರವಾದದ್ದೂ ಅಲ್ಲ. ಚಲಿಸುವುದಕ್ಕೆ ಚಲಿಸುವಷ್ಟು ಹೊತ್ತೂ ಕಾರಣ ಬೇಕೆಂದು ಅರಿಸ್ಟಾಟಲ್ ಹೇಳಿದ. ಎಸೆದವನು ಎಸೆದ ವಸ್ತುವಿನೊಳಗೆ ಒಂದು ಚಾಲಕ ಗುಣವನ್ನು ತುಂಬಿಸುತ್ತಾನೆ ಎಂದು 6ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಫಿಲೋಪೋನಸ್ ವಾದಿಸಿದ. 14ನೇ ಶತಮಾನದಲ್ಲಿ ಪ್ಯಾರಿಸಿನ ಬುರಿಡಾನ್ ಆ ಗುಣ ತಾನಾಗಿ ಸವೆಯುವುದಿಲ್ಲ, ಗಾಳಿಯೂ ಭಾರವೂ ಅಡ್ಡ ಬಂದು ಅದನ್ನು ಸವೆಸುತ್ತವೆ ಎಂದು ಒಂದು ಹೆಜ್ಜೆ ಮುಂದಕ್ಕೆ ಹೋದ. ಗೆಲಿಲಿಯೋ ಇಳಿಜಾರು ಹಲಗೆಗಳನ್ನು ಇಟ್ಟುಕೊಂಡು ಯೋಚಿಸಿ, ನ್ಯೂಟನ್ 1687ರಲ್ಲಿ ನಿಯಮಗಳನ್ನು ಪ್ರಕಟಿಸುವ ವರೆಗೆ ಇಷ್ಟು ಕಾಲ ಹಿಡಿದ ವಿಚಾರವನ್ನು ನಾನು 45 ನಿಮಿಷದ ಎರಡು ಪೀರಿಯಡುಗಳಲ್ಲಿ ಮುಗಿಸಿದ್ದೆ.

"ಬಲ ಮುಗಿಯಿತು" ಎಂಬುದನ್ನು ಪರೀಕ್ಷಿಸಲು ಮತ್ತೆ ಹಾಳೆಗೇ ಹೋದೆವು, ಈ ಸಲ ಇಬ್ಬರನ್ನು ಕೂರಿಸಿಕೊಂಡು. 31 ಕಿಲೋದ ಇನ್ನೊಬ್ಬ ಸೇರಿದಾಗ ಮುಳ್ಳು 27ರ ಸುತ್ತ ಓಡಾಡಿತು. ಭಾರ ಹೆಚ್ಚಿದ ಪ್ರಮಾಣದಲ್ಲಿಯೇ ಘರ್ಷಣೆಯೂ ಹೆಚ್ಚಿತು. ನೆಲವನ್ನು ಒತ್ತುವ ಬಲಕ್ಕೂ ಘರ್ಷಣೆಗೂ ಇರುವ ಈ ಅನುಪಾತವನ್ನು 1699ರಲ್ಲಿ ಫ್ರಾನ್ಸಿನ ಅಮೊಂಟೊನ್ಸ್ ಮಂಡಿಸಿದ್ದ. ಅದೇ ವೇಗದಲ್ಲಿ ಹಗ್ಗ ಬಿಟ್ಟರೆ ಎಷ್ಟು ದೂರ ಜಾರಬಹುದೆಂದು ಮೊದಲೇ ಊಹೆ ಬರೆಸಿದೆ. ಎರಡು ಪಟ್ಟು ಬಲ ತುಂಬಿಸಿದ್ದರಿಂದ ಎರಡು ಪಟ್ಟು ದೂರ ಎಂದು ಕೆಲವರು, ಭಾರ ಹೆಚ್ಚಾದ್ದರಿಂದ ಅರ್ಧ ದೂರ ಎಂದು ಕೆಲವರು. ಬಿಟ್ಟಾಗ ಹಾಳೆ ನಿಂತದ್ದು ಹೆಚ್ಚುಕಡಿಮೆ ಅದೇ ಒಂದು ಗೇಣಿನಲ್ಲಿ. ತಡೆಯುವ ಬಲ ಎಷ್ಟು ಪಟ್ಟು ಹೆಚ್ಚಿತೋ ತಡೆಯಬೇಕಾದ ರಾಶಿಯೂ (ವಸ್ತುವಿನಲ್ಲಿರುವ ದ್ರವ್ಯದ ಪ್ರಮಾಣ) ಅಷ್ಟೇ ಪಟ್ಟು ಹೆಚ್ಚಿದ್ದರಿಂದ ವೇಗ ಇಳಿಯುವ ದರ ಬದಲಾಗಲಿಲ್ಲ: ಸೆಕೆಂಡಿಗೆ ಸೆಕೆಂಡಿಗೆ ಸುಮಾರು 4.1 ಮೀಟರ್. ಸೆಕೆಂಡಿಗೆ 1.4 ಮೀಟರ್ ವೇಗದ ಹಾಳೆ ಈ ದರದಲ್ಲಿ ಕಾಲು ಮೀಟರಿನೊಳಗೆ ನಿಲ್ಲಲೇಬೇಕು. ಹಗ್ಗ ಬಿಟ್ಟ ಮೇಲೆ ಹಾಳೆಯೊಳಗೆ ಮುಗಿಯುವುದಕ್ಕೆ ಏನೂ ಇರಲಿಲ್ಲ. ಹೊರಗೆ ನೆಲ ಹಿಂದಕ್ಕೆ ಎಳೆಯುವುದನ್ನು ಮಾತ್ರ ಬಿಟ್ಟಿರಲಿಲ್ಲ.

ಮಳೆ ಬಂದ ದಿನ ಒಳಗೆ ಕೇರಂ ಬೋರ್ಡು ಹಾಸಿದೆವು. ಪೌಡರ್ ಹಾಕದೆ ಒಂದು ಹೊಡೆತ, ಪೌಡರ್ ಹಾಕಿ ಆದಷ್ಟು ಅದೇ ಹೊಡೆತ. ಬೆರಳು ಕೊಟ್ಟ ಬಲವೇ ಸ್ಟ್ರೈಕರಿನೊಳಗೆ ಮುಗಿಯುವುದಾದರೆ, ಬೋರ್ಡಿನ ಮೇಲೆ ಉದುರಿಸಿದ ಪೌಡರ್ ಅದನ್ನು ತಡವಾಗಿ ಮುಗಿಸುವುದು ಹೇಗೆ ಎಂಬ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಆ ಹುಡುಗಿಯೇ, ಪೌಡರ್ ಇನ್ನೂ ನುಣುಪಾಗಿ ಘರ್ಷಣೆಯೇ ಇಲ್ಲದಿದ್ದರೆ ಸ್ಟ್ರೈಕರ್ ನಿಲ್ಲುವುದೇ ಇಲ್ಲವಾ ಎಂದು ಕೇಳಿದಳು. ಅಂಚಿನ ಪಟ್ಟಿ ಇದೆಯಲ್ಲ ಎಂದು ಮತ್ತೊಬ್ಬ ನಗಾಡಿದ. ಗೆಲಿಲಿಯೋ ಮಾಡಿದ ವಾದ ಇದೇ ಎಂದು ಅವರಿಗೆ ಹೇಳಿದೆ.

ಇಷ್ಟರ ಮೇಲೆ ತರಗತಿಯಲ್ಲಿ ಒಂದು ಕಟ್ಟಳೆ ಮಾಡಿದೆವು. ಬಲದ ಪ್ರತಿಯೊಂದು ಬಾಣಕ್ಕೂ ಎರಡು ಹೆಸರು ಬರೆಯಬೇಕು: ಯಾರು, ಯಾರ ಮೇಲೆ. ಬಲ ಜಗಳದ ಹಾಗೆ, ಇಬ್ಬರಿಲ್ಲದೆ ನಡೆಯದು. ಹಗ್ಗ ಹಾಳೆಯ ಮೇಲೆ, ನೆಲ ಹಾಳೆಯ ಮೇಲೆ, ಭೂಮಿ ಹುಡುಗನ ಮೇಲೆ. ಮೊದಲ ಹೆಸರು ಸಿಗದ ಬಾಣವನ್ನು ಅಳಿಸಬೇಕು. ಹಾಳೆಯ 'ಒಳಗಿನ ಬಲ' ಎಂಬ ಬಾಣ ಈ ಕಟ್ಟಳೆಯ ಮುಂದೆ ನಿಲ್ಲಲಿಲ್ಲ, ಏಕೆಂದರೆ ಹಗ್ಗ ಬಿಟ್ಟ ಮೇಲೆ ಅದಕ್ಕೆ ಕೊಡುವವರಿಲ್ಲ. ಚಲಿಸುವ ಹಾಳೆಯಲ್ಲಿ ಏನೋ ಇದೆ ಎಂಬ ಮಕ್ಕಳ ಅನಿಸಿಕೆ ಪೂರ್ತಿ ಸುಳ್ಳೂ ಅಲ್ಲ: ರಾಶಿ ಮತ್ತು ವೇಗದ ಗುಣಲಬ್ಧವಾದ ಸಂವೇಗ ಅದರಲ್ಲಿ ಇದೆ, ಅದು ಇರುವಂಥದ್ದೇ. ಬಲಕ್ಕೆ ಅವರು ಕೊಟ್ಟಿದ್ದ ಜಾಗವನ್ನು ಸಂವೇಗಕ್ಕೆ ಬಿಟ್ಟುಕೊಟ್ಟರೆ ಅವರ ಕಥೆಯ ಹೆಚ್ಚಿನ ಭಾಗ ಉಳಿಯುತ್ತದೆ. ಹಾಗೆ ಹೇಳಿದಾಗ ಅವರ ಮುಖದಲ್ಲಿ ಕಂಡ ನಿರಾಳ ನನ್ನ ಊಹೆಯೂ ಇರಬಹುದು.

ಅಳತೆಯ ಬಗ್ಗೆ ಎರಡು ಮಾತು. ಮೂರನೆಯ ದಿನಕ್ಕೆ ಹಾಳೆಯ ಹೊರಮೈ ಸವೆದು ನುಣುಪಾಗಿ ಓದು ಅರ್ಧ ಕಿಲೋದಷ್ಟು ಇಳಿದಿತ್ತು. ಕೊನೆಯ ಎಳೆತದಲ್ಲಿ ಹಾಳೆ ದಂಟಿನ ಬುಡದಲ್ಲಿಯೇ ಸೀಳಿ, ಎಳೆಯುವವರು ಮುಗ್ಗರಿಸಿ, ಕೂತವನು ಅಲ್ಲೇ ಉಳಿದ. ಹೋಲಿಸಬೇಕಾದ ಓದುಗಳನ್ನು ಒಂದೇ ದಿನ, ಒಂದೇ ಹಾಳೆಯಲ್ಲಿ ತೆಗೆಯುವುದು ಒಳ್ಳೆಯದು. ಇನ್ನೊಂದು, ಹಗ್ಗದ ಕೋನ. ಆಟದಲ್ಲಿ ಮಕ್ಕಳು ಬಗ್ಗುವುದಿಲ್ಲ, ಸೊಂಟದ ಎತ್ತರದಲ್ಲಿ ಹಿಡಿದು ಎಳೆಯುತ್ತಾರೆ. ಹಾಗೆ ಸುಮಾರು 30 ಡಿಗ್ರಿಯಲ್ಲಿ ಎಳೆದಾಗ ಮುಳ್ಳು 13.5ಕ್ಕೆ ಇಳಿಯಿತು. ಬಲದ ಒಂದು ಪಾಲು ಮೇಲಕ್ಕೆ ಹೋಗಿ ವ್ಯರ್ಥವಾಗಬೇಕಿತ್ತಲ್ಲ ಎಂದು ಕೇಳಿದವರಿದ್ದರು. ಆ ಪಾಲು ವ್ಯರ್ಥವಲ್ಲ, ಅದು ಹುಡುಗನ ಭಾರದಲ್ಲಿ ಸ್ವಲ್ಪವನ್ನು ಹೊತ್ತುಕೊಂಡು ನೆಲದ ಮೇಲಿನ ಒತ್ತಡವನ್ನು, ಅದರ ಜೊತೆಗೆ ಘರ್ಷಣೆಯನ್ನು ಕಡಿಮೆ ಮಾಡುತ್ತದೆ. ಸೊಂಟದಿಂದ ಎಳೆಯುವುದೇ ಹಗುರವೆಂದು ಆಟದಲ್ಲಿ ಅವರ ಕೈಗೆ ಮೊದಲೇ ಗೊತ್ತಿತ್ತು.

ಎರಡು ವಾರಗಳ ನಂತರ ಕೊಟ್ಟ ಪರೀಕ್ಷೆಯಲ್ಲಿ ಹಾಳೆಯ ಬದಲು ಪೆಟ್ಟಿಗೆ, ಅಂಗಳದ ಬದಲು ಸಿಮೆಂಟು ನೆಲ ಇಟ್ಟು ಅದೇ ಪ್ರಶ್ನೆ ಕೇಳಿದೆ. 27ರಲ್ಲಿ 22 ಮಂದಿ ಎರಡು ಬಲಗಳೂ ಸಮ ಎಂದು ಬರೆದರು. ಅದರ ಕೆಳಗೆ ಇನ್ನೊಂದು ಪ್ರಶ್ನೆ ಇತ್ತು: ನೇರವಾಗಿ ಮೇಲಕ್ಕೆ ಎಸೆದ ಚೆಂಡು ಕೈ ಬಿಟ್ಟ ಮೇಲೆ ಏರುತ್ತಿರುವಾಗ ಅದರ ಮೇಲೆ ವರ್ತಿಸುವ ಬಲಗಳನ್ನು ಬಾಣಗಳಿಂದ ಗುರುತಿಸಿರಿ, ಗಾಳಿಯ ತಡೆಯನ್ನು ಬಿಟ್ಟುಬಿಡಿ. ಹನ್ನೊಂದು ಮಂದಿ ಕೆಳಗಿನ ಬಾಣದ ಜೊತೆಗೆ ಮೇಲಕ್ಕೂ ಒಂದು ಬಾಣ ಎಳೆದು, ಕಟ್ಟಳೆಯನ್ನು ಮರೆಯದೆ, 'ಕೈ, ಚೆಂಡಿನ ಮೇಲೆ' ಎಂದು ಹೆಸರನ್ನೂ ಬರೆದಿದ್ದರು. ಎರಡನೆಯ ಬೆಂಚಿನ ಹುಡುಗಿಯ ಚಿತ್ರದಲ್ಲಿ ಕೆಳಗಿನ ಬಾಣ ಒಂದೇ ಇತ್ತು, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ: "ಕೈ ಈಗ ಮುಟ್ಟುತ್ತಿಲ್ಲ." ಮುಂದಿನ ವಾರ ಚೆಂಡು ಎಸೆಯುವುದಕ್ಕೆಂದು ಆಟದ ಪೀರಿಯಡನ್ನು ಕೇಳಿ ಪಡೆದಿದ್ದೇನೆ.